ಊರಿನವರೇ ನಡೆಸುವ ಸಂಜೆ ಪಾಠ: ಪಟ್ಟಿ ಮಾಡುವುದರಿಂದ ಲೆಕ್ಕ ಒಪ್ಪಿಸುವವರೆಗೆ

ಐದನೇ ತರಗತಿಯ ಮಗುವಿನ ಕೈಗೆ ಎರಡನೇ ತರಗತಿಯ ಪುಸ್ತಕ ಕೊಟ್ಟು ಓದಿಸಿ ನೋಡಿ. ಶಾಲೆಗೆ ಒಂದು ದಿನವೂ ತಪ್ಪಿಸದ ಮಗು ಕೂಡ ಎರಡನೇ ಸಾಲಿನಲ್ಲಿ ನಿಂತುಬಿಡುವುದು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಇದಕ್ಕೆ ಊರು ಇನ್ನೊಂದು ಶಾಲೆ ಕಟ್ಟಬೇಕಿಲ್ಲ, ದಾನಿಗಳ ಡೆಸ್ಕು ಬೆಂಚಿಗೂ ಕಾಯಬೇಕಿಲ್ಲ. ಬೇಕಾಗಿರುವುದು ಎರಡೇ: ಯಾವ ಮಗು ಎಲ್ಲಿ ಎಡವುತ್ತಿದೆ ಎಂಬ ಖಚಿತ ತಿಳಿವಳಿಕೆ, ಮತ್ತು ದಿನಕ್ಕೆ ಒಂದೂವರೆ ಗಂಟೆಯ ಸಂಜೆ ಪಾಠ. ಇವೆರಡನ್ನೂ ಹೆಣ್ಣುಮಕ್ಕಳ ಸ್ವಸಹಾಯ ಸಂಘ ಮತ್ತು ಪೋಷಕರೇ ಹೆಚ್ಚಾಗಿರುವ ಶಾಲಾ ಸಮಿತಿ, ಅಂದರೆ ಎಸ್‌ಡಿಎಂಸಿ, ಕೂಡಿ ನಡೆಸಬಹುದು. ವಾರಕ್ಕೊಮ್ಮೆ ಸಭೆ ಸೇರುವ, ಹಾಜರಿ ಹಾಕುವ, ಪೈಸೆ ಪೈಸೆಗೂ ಲೆಕ್ಕ ಬರೆಯುವ ರೂಢಿ ಸಂಘಕ್ಕೆ ಮೊದಲೇ ಇದೆ. ಸಂಜೆ ಪಾಠಗಳು ಹೆಚ್ಚಾಗಿ ನಿಂತುಹೋಗುವುದು ಈ ರೂಢಿ ಇಲ್ಲದೆಯೇ.

ಮೊದಲು ಮನೆಮನೆ ಪಟ್ಟಿ

ನೂರು ಮನೆಯ ಊರಾದರೆ ಇಬ್ಬಿಬ್ಬರ ಮೂರು ಜೋಡಿಗೆ ಎರಡು ಸಂಜೆ ಸಾಕು. ಶಾಲೆಯ ಹಾಜರಿ ಪುಸ್ತಕ ನೋಡಿ ಪಟ್ಟಿ ಮಾಡಬೇಡಿ. ಶಾಲೆ ಬಿಟ್ಟ ಮಗು, ಅಜ್ಜಿ ಮನೆಯಲ್ಲಿರುವ ಮಗು, ದುಡಿಯಲು ಬಂದು ತೋಟದ ಮನೆಯಲ್ಲಿ ಇಳಿದವರ ಮಗು ಆ ಪುಸ್ತಕದಲ್ಲಿ ಇರುವುದಿಲ್ಲ. 200 ಪುಟದ ಗೆರೆ ನೋಟ್‌ಬುಕ್ಕಿನಲ್ಲಿ ಓಣಿಗೊಂದು ಭಾಗ ಮಾಡಿ, 6ರಿಂದ 14 ವರ್ಷದ ಪ್ರತಿ ಮಗುವಿಗೆ ಒಂದು ಸಾಲು ಕೊಡಿ: ಹೆಸರು, ವಯಸ್ಸು, ತಾಯಿಯ ಹೆಸರು, ಶಾಲೆ ಮತ್ತು ತರಗತಿ, ಮನೆಮಾತು, ಸುಗ್ಗಿಯಲ್ಲೋ ಕಬ್ಬು ಕಡಿಯುವ ಕಾಲದಲ್ಲೋ ಮನೆಯವರು ಗುಳೆ ಹೋಗುತ್ತಾರೆಯೇ, ಸಂಜೆ ಮಗುವಿನ ಪಾಲಿಗೆ ಬೀಳುವ ಕೆಲಸವೇನು. ಕಡೆಯ ಎರಡು ಕಾಲಂಗಳನ್ನು ಬಿಡಬೇಡಿ. ಪಾಠದ ಹೊತ್ತು ಗೊತ್ತಾಗುವುದು ಅವುಗಳಿಂದಲೇ.

ಪಟ್ಟಿಯ ಹಿಂದೆಯೇ ಓದಿನ ಪರೀಕ್ಷೆ. ಮಕ್ಕಳ ಓದು, ಲೆಕ್ಕದ ಮಟ್ಟ ನೋಡುವ ಅಸರ್ ಸಮೀಕ್ಷೆ 2005ರಿಂದ ದೇಶದ ಹಳ್ಳಿಗಳಲ್ಲಿ ಅನುಸರಿಸುತ್ತಿರುವ ಕ್ರಮ ಇದಕ್ಕೆ ಸರಿಹೊಂದುತ್ತದೆ. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ನಾಲ್ಕು ಭಾಗ ಬರೆಯಿರಿ: ಹತ್ತು ಬಿಡಿ ಅಕ್ಷರ, ಹತ್ತು ಸರಳ ಪದ, ನಾಲ್ಕು ಸಾಲಿನ ಭಾಗ, ಎಂಟು ಹತ್ತು ಸಾಲಿನ ಪುಟ್ಟ ಕತೆ. ನಾಲ್ಕು ಸಾಲಿನ ಭಾಗ ಹೀಗಿರಲಿ: 'ನಮ್ಮ ಮನೆಯಲ್ಲಿ ಒಂದು ಹಸು ಇದೆ. ಅದರ ಹೆಸರು ಗೌರಿ. ಅದು ಹಸಿರು ಹುಲ್ಲು ತಿನ್ನುತ್ತದೆ. ಅಜ್ಜಿ ಬೆಳಿಗ್ಗೆ ಹಾಲು ಕರೆಯುತ್ತಾಳೆ.' ಮೊದಲು ಈ ಭಾಗವನ್ನೇ ಓದಿಸಿ. ಸಲೀಸಾಗಿ ಬಂದರೆ ಕತೆ ಕೊಡಿ, ತಡವರಿಸಿದರೆ ಪದಕ್ಕೆ ಬನ್ನಿ, ಅಲ್ಲೂ ಆಗದಿದ್ದರೆ ಅಕ್ಷರಕ್ಕೆ ಇಳಿಯಿರಿ. ಪದ, ಅಕ್ಷರಗಳಲ್ಲಿ ಯಾವುದಾದರೂ ಐದು ಓದಿಸಿ; ನಾಲ್ಕು ಸರಿ ಬಂದರೆ ಆ ಹಂತ ದಾಟಿದಂತೆ. ಲೆಕ್ಕಕ್ಕೂ ಇದೇ ದಾರಿ: 1ರಿಂದ 9ರ ಅಂಕಿ ಗುರುತಿಸುವುದು, 10ರಿಂದ 99ರ ಸಂಖ್ಯೆ, ದಶಕ ಬಿಡಿಸುವ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಒಂದು ಮಗುವಿಗೆ ಹತ್ತು ನಿಮಿಷ ಹಿಡಿಯುತ್ತದೆ.

ಪರೀಕ್ಷೆ ಹಾದಿ ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಜಗಲಿಯ ಮೇಲೆ ಹತ್ತು ಜನರ ಮುಂದೆ ಕೂರಿಸಿದರೆ ಓದಬಲ್ಲ ಮಗುವೂ ಬಾಯಿ ಬಿಡುವುದಿಲ್ಲ. ಹಾಗಾಗಿ ಮಗುವಿನ ಪಕ್ಕದಲ್ಲಿ, ಅದೇ ಚಾಪೆಯ ಮೇಲೆ ಕುಳಿತು ಮೆಲ್ಲಗೆ ಓದಿಸಿ. ಎರಡನೆಯದು ನಮ್ಮದೇ ಆತುರ: ಮೊದಲಕ್ಷರ ಎತ್ತಿಕೊಟ್ಟರೆ ಉಳಿದದ್ದನ್ನು ಮಗು ಊಹಿಸಿ ಹೇಳಿಬಿಡುತ್ತದೆ. ಮೂರನೆಯದು ಬಾಯಿಪಾಠ. ಪಠ್ಯಪುಸ್ತಕದ ಪಾಠವನ್ನು ಗೋಡೆ ನೋಡುತ್ತಲೇ ಒಪ್ಪಿಸುವ ಮಕ್ಕಳಿದ್ದಾರೆ. ಅದಕ್ಕೆ ಹೊಸ ವಾಕ್ಯಗಳನ್ನೇ ಬರೆಯಬೇಕು, ನಡುವಿನ ಒಂದು ಪದದ ಮೇಲೆ ಬೆರಳಿಟ್ಟು 'ಇದೇನು?' ಎಂದು ಕೇಳಬೇಕು.

ಊರ ಸಭೆ: ಹೊತ್ತು, ಜಾಗ, ಜನ

ಸಭೆಯಲ್ಲಿ ಯಾವ ಮಗುವಿನ ಹೆಸರನ್ನೂ ಹೇಳಬೇಡಿ. ದೊಡ್ಡ ಹಾಳೆಯಲ್ಲಿ ಅಕ್ಷರ, ಪದ, ಭಾಗ, ಕತೆ ಎಂದು ನಾಲ್ಕು ಅಂಕಣ ಬರೆದು, ಮಗುವಿಗೊಂದು ಚುಕ್ಕಿ ಇಟ್ಟು ತೋರಿಸಿ. ಅಕ್ಷರ ಓದಲು ಬಾರದವರಿಗೂ ಆ ಚುಕ್ಕಿಗಳ ಗುಂಪು ಅರ್ಥವಾಗುತ್ತದೆ. ಶಾಲೆಯ ಮುಖ್ಯ ಶಿಕ್ಷಕರಿಗೆ ಸಭೆಗೆ ಮೊದಲೇ ಈ ಹಾಳೆ ತೋರಿಸಿರಬೇಕು. ಎಲ್ಲರೆದುರು ಏಕಾಏಕಿ ಕಂಡರೆ ಅದು ಅವರ ಮೇಲಿನ ದೂರಾಗುತ್ತದೆ, ಮತ್ತೆ ಆ ಬಾಂಧವ್ಯ ಕೂಡಿಸಲು ವರ್ಷ ಬೇಕು.

ಹೊತ್ತನ್ನು ಪಟ್ಟಿಯ ಕಾಲಂ ನೋಡಿ ಗೊತ್ತುಮಾಡಿ. ಡೈರಿಗೆ ಹಾಲು ಹಾಕಿ ಬರುವುದು, ಕುರಿ ಕೂಡುವುದು, ನಲ್ಲಿ ನೀರು ಹಿಡಿಯುವುದು ಮುಗಿಯುವ ಹೊತ್ತಿಗೆ, ಅಂದರೆ ಹೆಚ್ಚಿನ ಊರುಗಳಲ್ಲಿ ಆರೂವರೆಯಿಂದ ಎಂಟು, ಪಾಠ ಇಟ್ಟುಕೊಂಡರೆ ಹಾಜರಿ ನಿಲ್ಲುತ್ತದೆ. ಐದಕ್ಕೆ ಇಟ್ಟರೆ ಮನೆಗೆಲಸ ಹೊತ್ತ ಹೆಣ್ಣುಮಕ್ಕಳೇ ಮೊದಲು ತಪ್ಪಿಹೋಗುತ್ತಾರೆ. ಕತ್ತಲಲ್ಲಿ ಮನೆಗೆ ಮರಳುವ ಮಕ್ಕಳಿಗಾಗಿ ಓಣಿಗೊಬ್ಬ ತಾಯಿ ಟಾರ್ಚು ಹಿಡಿದು ಬರುವ ಸರದಿಯನ್ನು ಶುರುವಿನ ದಿನವೇ ಬರೆದು ಗೋಡೆಗೆ ಅಂಟಿಸಿ.

ಜಾಗದ ವಿಷಯದಲ್ಲಿ ದಾಕ್ಷಿಣ್ಯ ಮಾಡಿಕೊಳ್ಳಬೇಡಿ. ಗುಡಿಯ ಪೌಳಿ, ಯಾರದೋ ಮನೆಯ ಪಡಸಾಲೆ ಸುಲಭವಾಗಿ ಸಿಗುತ್ತವೆ. ಆದರೆ ಊರಿನ ಒಂದು ಕೇರಿಯ ಮಕ್ಕಳು ಅಲ್ಲಿ ಹೊಸ್ತಿಲಾಚೆ ನಿಲ್ಲಬೇಕಾದರೆ ಆ ಪಾಠ ಶುರುವಾಗುವ ಮೊದಲೇ ಸೋತಿದೆ. ಶಾಲೆಯ ಕೋಣೆ, ಅಂಗನವಾಡಿ, ಸಮುದಾಯ ಭವನ, ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಇವೇ ಸರಿ. ಶಾಲೆಯ ಕೋಣೆಯಾದರೆ ಎಸ್‌ಡಿಎಂಸಿಯಲ್ಲಿ ಠರಾವು ಬರೆಸಿ, ಬೀಗದ ಕೈ ಯಾರ ಬಳಿ ಎಂಬುದನ್ನೂ ಅದರಲ್ಲೇ ನಮೂದಿಸಿ. ಕುಡಿಯುವ ನೀರಿಗೆ ಒಂದೇ ಕೊಳಗ, ಒಂದೇ ಲೋಟ. ಕೂರಿಸುವುದು ಓದಿನ ಹಂತದಂತೆ ಮಾತ್ರ. ಇದು ಬಾಯಿಮಾತಿನ ನಿಯಮವಾದರೆ ತಿಂಗಳಲ್ಲಿ ಸಡಿಲವಾಗುತ್ತದೆ, ಅದಕ್ಕೇ ಇದನ್ನೂ ಠರಾವಿನಲ್ಲಿ ಸೇರಿಸಬೇಕು.

ಕಲಿಸುವವರು ಊರಿನವರೇ ಆಗಿರಲಿ. ಪಿಯುಸಿ ಮುಗಿಸಿದವರು ಸಾಕು. ಊರಿಗೆ ಸೊಸೆಯಾಗಿ ಬಂದು, ಓದಿಯೂ ಮನೆಯಲ್ಲಿರುವ ಹೆಣ್ಣುಮಕ್ಕಳನ್ನು ಮರೆಯಬೇಡಿ. ಅವರು ಊರು ಬಿಟ್ಟು ಹೋಗುವುದು ಕಡಿಮೆ, ತಾಯಂದಿರ ಜೊತೆ ಸಲುಗೆಯೂ ಹೆಚ್ಚು. ಒಬ್ಬರಿಗೆ 15 ಮಕ್ಕಳು, ಹೆಚ್ಚೆಂದರೆ 20. ಶಾಲೆಯ ಶಿಕ್ಷಕರಿಗೆ ಹಣ ಕೊಟ್ಟು ಕಲಿಸಲು ಕೇಳಬೇಡಿ, ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ. ತಿಂಗಳಿಗೊಮ್ಮೆ ಬಂದು ನೋಡಿ ತಿದ್ದಿಕೊಡಲು ಕೇಳಿಕೊಳ್ಳಿ. ಹೊಡೆತ ಬೈಗುಳ ಇಲ್ಲಿಯೂ ಇರಕೂಡದು. ಒಂದು ಏಟು ಬಿದ್ದರೆ ಮರುದಿನ ಬಾರದಿರುವುದು ಹಿಂದುಳಿದ ಮಗುವೇ, ನಮಗೆ ಮುಖ್ಯವಾಗಿ ಬೇಕಾಗಿದ್ದ ಮಗುವೇ.

ಒಂದೂವರೆ ಗಂಟೆಯಲ್ಲಿ ಏನು ಮಾಡಬೇಕು

ಮಕ್ಕಳನ್ನು ತರಗತಿಯಂತೆ ಕೂರಿಸಬೇಡಿ. ಪದ ಓದಬಲ್ಲ ಮೂರನೇ ತರಗತಿಯವಳೂ ಆರನೇ ತರಗತಿಯವನೂ ಒಂದೇ ಗುಂಪು. ದೊಡ್ಡವರಿಗೆ ನಾಚಿಕೆಯಾಗದಂತೆ ಗುಂಪಿಗೆ ಹೊಳೆ, ಬೆಟ್ಟ, ಮರ ಎಂದು ಹೆಸರಿಡಿ. ಮೊದಲ ನಲವತ್ತು ನಿಮಿಷ ಓದು ಬರಹ, ಮುಂದಿನ ನಲವತ್ತು ಲೆಕ್ಕ, ಕೊನೆಯ ಹತ್ತು ನಿಮಿಷ ಒಬ್ಬರು ಜೋರಾಗಿ ಕತೆ ಓದಿ ಹೇಳುವುದು. ಶಾಲೆಯ ಹೋಂವರ್ಕ್ ಮಾಡಿಸುವ ಜಾಗ ಇದಾಗದಿರಲಿ. ಹೋಂವರ್ಕ್ ಶುರುವಾದರೆ ಬಲ್ಲವರ ನೋಟ್ಸ್ ನೋಡಿ ತಿಳಿಯದವರು ಬರೆಯುತ್ತಾರೆ, ಒಂದೂವರೆ ಗಂಟೆ ಅದಕ್ಕೇ ಮುಗಿಯುತ್ತದೆ.

ಅಕ್ಷರದ ಗುಂಪಿಗೆ ಅ ಆ ಇ ಈ ಎಂದು ಸಾಲಾಗಿ ಹೇಳಿಸುತ್ತ ಕೂರಬೇಡಿ. ಸ್ವರ, ಯೋಗವಾಹ, ವ್ಯಂಜನ ಸೇರಿ 49 ಮುಗಿಯುವವರೆಗೆ ಮಗು ಒಂದು ಪದವನ್ನೂ ಓದಿರುವುದಿಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ, ಆಡುತ್ತ ಕಲಿಸುವ ನಲಿ-ಕಲಿ ಪದ್ಧತಿ ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ: ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಮೊದಲ ಐದು ಅಕ್ಷರ ಬಂದ ದಿನವೇ ಸರ, ರಸ, ದರ, ಅರಸ, ಅಗಸ, ಗರಗಸ ಓದಬಹುದು. ಹತ್ತು ಬಂದರೆ ಮರ, ಜನ, ದನ, ಬನ, ನಗರ, ದವಸ. 'ಗರಗಸ' ಎಂದು ತಾನೇ ಕೂಡಿಸಿ ಓದಿದ ಮಗುವಿನ ಮುಖ ನೋಡಿದವರಿಗೆ ಈ ಕ್ರಮದ ಬೆಲೆ ಬೇರೆ ಹೇಳಬೇಕಿಲ್ಲ. ಅಕ್ಷರಕ್ಕೊಂದರಂತೆ ಬೆಂಕಿಪೊಟ್ಟಣದಷ್ಟು ರಟ್ಟಿನ ಚೂರು ಕತ್ತರಿಸಿ, ಗುಂಪಿಗೆ ಎರಡು ಕಟ್ಟು ಕೊಟ್ಟರೆ ಮಕ್ಕಳು ತಾವೇ ಪದ ಜೋಡಿಸುತ್ತಾರೆ.

ಪದದ ಗುಂಪು ಮುಗ್ಗರಿಸುವುದು ಒತ್ತಕ್ಷರದಲ್ಲಿ. ಒತ್ತು ಅಕ್ಷರದ ಕೆಳಗೆ ಸಣ್ಣದಾಗಿ ಇರುತ್ತದೆ, ಕಣ್ಣು ಅದನ್ನು ಹಾರಿಸಿಬಿಡುತ್ತದೆ. ಅಜ್ಜಿ 'ಅಜಿ' ಆಗುವುದು ಹೀಗೆ. ಜೋಡಿಪದಗಳನ್ನು ಒಟ್ಟಿಗೆ ಬರೆದು ಓದಿಸಿ: ಕತೆ–ಕತ್ತೆ, ಬೆಣೆ–ಬೆಣ್ಣೆ, ಅಡಿ–ಅಡ್ಡಿ. 'ಅಜ್ಜಿ ಕತ್ತೆ ಹೇಳಿದಳು' ಎಂದು ಹಲಗೆಯ ಮೇಲೆ ಬರೆದರೆ ನಗು ಬರುತ್ತದೆ, ಒತ್ತು ಮಾಡುವ ಕೆಲಸವೂ ಮನಸ್ಸಿನಲ್ಲಿ ನಿಲ್ಲುತ್ತದೆ. ಮೊದಲು ಸಜಾತಿ ಒತ್ತು, ಅಂದರೆ ಅದೇ ಅಕ್ಷರದ್ದು; ಎರಡು ವಾರ ಬಿಟ್ಟು ವಿಜಾತಿ, ಅಂದರೆ ಬೇರೆ ಅಕ್ಷರದ್ದು. 'ರ್' ಸೂಚಿಸುವ ಅರ್ಕಾವತ್ತನ್ನು ಕೊನೆಗೆ ಇಟ್ಟುಕೊಳ್ಳಿ: ಬರೆಯುವುದು ಅಕ್ಷರದ ಆಮೇಲೆ, ಉಚ್ಚಾರ ಅದಕ್ಕೂ ಮೊದಲು. 'ಸೂರ್ಯ'ವನ್ನು ಮಕ್ಕಳು 'ಸೂಯರ' ಎಂದು ಓದಿದರೆ ಅದು ದಡ್ಡತನವಲ್ಲ, ಕಂಡ ಕ್ರಮದಲ್ಲೇ ಓದುತ್ತಿದ್ದಾರೆ.

ಗಡಿ ಊರುಗಳಲ್ಲಿ, ತಾಂಡಾಗಳಲ್ಲಿ, ಉರ್ದು ತೆಲುಗು ತುಳು ಮಾತಾಡುವ ಮನೆಗಳಲ್ಲಿ ಓದು ತಡವಾಗುವುದಕ್ಕೆ ಕಾರಣ ಅಕ್ಷರವಲ್ಲ, ಪದದ ಅರ್ಥ ಗೊತ್ತಿಲ್ಲದಿರುವುದು. ಅಲ್ಲಿ ಕತೆಯನ್ನು ಮೊದಲು ಮನೆಮಾತಿನಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಓದಿಸಿ.

ಲೆಕ್ಕದಲ್ಲಿ ಹೆಚ್ಚು ಮಕ್ಕಳು ಸಿಕ್ಕಿಬೀಳುವುದು ಕಳೆಯುವುದರಲ್ಲಿ. 52ರಿಂದ 27 ಕಳೆ ಎಂದರೆ 35 ಎಂದು ಬರೆಯುತ್ತಾರೆ. ತಪ್ಪು ಎಂದು ಗೀಟು ಹಾಕುವ ಮೊದಲು ಅದು ಬಂದದ್ದು ಹೇಗೆಂದು ನೋಡಿ: ಐದರಲ್ಲಿ ಎರಡು ಹೋದರೆ ಮೂರು, ಏಳರಲ್ಲಿ ಎರಡು ಹೋದರೆ ಐದು. ಮೇಲಿನದರಿಂದ ಕೆಳಗಿನದು ಎಂಬುದನ್ನು ಬಿಟ್ಟು, ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾರೆ. ಮಗುವಿಗೆ 52 ಎಂದರೆ ಪಕ್ಕಪಕ್ಕ ಕೂತ ಐದು ಮತ್ತು ಎರಡು, ಅಷ್ಟೇ. ಗುಂಪಿಗೆ ನೂರು ತೆಂಗಿನ ಪೊರಕೆಯ ಕಡ್ಡಿ, ಹತ್ತು ರಬ್ಬರ್ ಬ್ಯಾಂಡು ಕೊಡಿ. ಹತ್ತು ಹತ್ತರ ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಡಿ. 'ಏಳು ಕಡ್ಡಿ ಕೊಡು' ಎಂದು ಕೇಳಿ ಸುಮ್ಮನಿರಿ. ಬಿಡಿ ಎರಡೇ ಇವೆ. ಸ್ವಲ್ಪ ಹೊತ್ತಿಗೆ ಮಗು ತಾನೇ ಒಂದು ಕಟ್ಟು ಬಿಚ್ಚುತ್ತದೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟು, ಎರಡು ಕಟ್ಟು ಕೊಟ್ಟರೆ ಉಳಿದದ್ದು 25. ಬಿಚ್ಚುವ ಕೆಲಸವನ್ನು ಕಲಿಸುವವರು ಮಾಡಿಬಿಡಬಾರದು, ಇಡೀ ಪಾಠ ಇರುವುದು ಅಲ್ಲೇ. ಒಂದು ವಾರ ಕಡ್ಡಿಯಲ್ಲಿ, ಮುಂದಿನ ವಾರ ಕಡ್ಡಿಯ ಚಿತ್ರ ಬರೆದು, ಆಮೇಲೆ ಅಂಕಿಯಲ್ಲಿ.

ಖರ್ಚು ಮತ್ತು ಲೆಕ್ಕಪತ್ರ

45 ಮಕ್ಕಳು, ಮೂವರು ಕಲಿಸುವವರು ಎಂದಿಟ್ಟುಕೊಳ್ಳೋಣ. ಶುರುವಿಗೆ 45 ಸ್ಲೇಟು, ಮೂರು ಕರಿಹಲಗೆ, ಮೂರು ಜಮಖಾನ, ಕರೆಂಟು ಹೋದಾಗ ಉರಿಯುವ ಎರಡು ಚಾರ್ಜಿಂಗ್ ದೀಪ, ಅರವತ್ತು ಸಣ್ಣ ಕತೆ ಪುಸ್ತಕ: ಎಲ್ಲ ಸೇರಿ ಹನ್ನೊಂದು ಸಾವಿರ ರೂಪಾಯಿಯ ಆಸುಪಾಸು. ತಿಂಗಳ ಖರ್ಚು: ಗೌರವಧನ ತಲಾ 1,500ರಂತೆ 4,500, ಸೀಮೆಸುಣ್ಣ, ಹಾಳೆ, ಜೆರಾಕ್ಸ್ 400, ಬಲ್ಬು ಕರೆಂಟು 200, ಪುಸ್ತಕಕ್ಕೆ 400. ಒಟ್ಟು 5,500. ಹತ್ತು ತಿಂಗಳಿಗೆ 55,000.

ಮನೆಗೆ ತಿಂಗಳಿಗೆ 50 ರೂಪಾಯಿಯಂತೆ 110 ಮನೆ ಕೊಟ್ಟರೆ ಸರಿಹೋಯಿತು ಎಂದು ಕಾಗದದಲ್ಲಿ ಲೆಕ್ಕ ಹಾಕಬೇಡಿ. ಎಲ್ಲ ಮನೆಯೂ ಕೊಡುವುದಿಲ್ಲ, ಕೆಲವರಿಂದ ಕೇಳಲೂಬಾರದು. 80 ಮನೆ ಎಂದು ಹಿಡಿದರೆ ಹತ್ತು ತಿಂಗಳಿಗೆ 40,000 ಬರುತ್ತದೆ, 15,000 ಕಡಿಮೆ ಬೀಳುತ್ತದೆ. ಅದನ್ನು ಸುಗ್ಗಿಯಲ್ಲಿ ತುಂಬಿಸಿಕೊಳ್ಳಿ: ಕೈಯಲ್ಲಿ ಕಾಸಿಲ್ಲದ ಮನೆಯಲ್ಲೂ ಕಣದಲ್ಲಿ ನಾಲ್ಕು ಸೇರು ರಾಗಿಯೋ ಜೋಳವೋ ಇರುತ್ತದೆ. ಜಾತ್ರೆ, ಗಣೇಶನ ಹಬ್ಬದಲ್ಲಿ ಉಳಿದ ಹಣದ ಒಂದು ಪಾಲನ್ನೂ ಕೇಳಿ. ಒಬ್ಬ ದೊಡ್ಡ ದಾನಿಯ ಮೇಲೆ ಇಡೀ ಭಾರ ಹಾಕುವುದು ನಮಗೆ ಸರಿ ಕಾಣುವುದಿಲ್ಲ. ಆತ ಮುನಿಸಿಕೊಂಡ ದಿನ ಪಾಠ ನಿಲ್ಲುತ್ತದೆ. ಐವತ್ತು ರೂಪಾಯಿ ಕೊಟ್ಟ ತಾಯಿಯಾದರೋ 'ನನ್ನ ಮಗಳು ಯಾವ ಗುಂಪಿನಲ್ಲಿದ್ದಾಳೆ?' ಎಂದು ಬಂದು ಕೇಳುತ್ತಾಳೆ.

ಈ ಹಣ ಸಂಘದ ಉಳಿತಾಯದ ಜೊತೆ ಬೆರೆಯಕೂಡದು, ಎಸ್‌ಡಿಎಂಸಿ ಖಾತೆಗೂ ಹೋಗಕೂಡದು. ಬೇರೆ ಉಳಿತಾಯ ಖಾತೆ ತೆರೆದು ಇಬ್ಬರ ಜಂಟಿ ಸಹಿ ಇಡಿ. ನಗದು ಪುಸ್ತಕ, ರಸೀದಿ ಪುಸ್ತಕ, ಠರಾವು ಪುಸ್ತಕ, ಹಾಜರಿ ಪುಸ್ತಕ, ಈ ನಾಲ್ಕು ಸಾಕು. ಕೈಯಲ್ಲಿ 500 ರೂಪಾಯಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ತಿಂಗಳ ಮೊದಲ ವಾರ ಜಮಾ ಖರ್ಚನ್ನು ಡೈರಿಯ ಗೋಡೆಗೆ ಅಂಟಿಸಿ, ಊರೆಲ್ಲ ಅಲ್ಲಿಗೆ ಬಂದೇ ಬರುತ್ತದೆ. ಸಂಘದ ವಾರದ ಸಭೆಯಲ್ಲಿ ಸಾಲದ ಕಂತು ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೇ ಮೀಸಲಿಡಿ: ಯಾರು ಮೂರು ದಿನ ಬಂದಿಲ್ಲ, ಆ ಮನೆಗೆ ನಾಳೆ ಯಾರು ಹೋಗುತ್ತಾರೆ.

ಶಾಲೆಯನ್ನು ಕೇಳುವ ಹಕ್ಕು

ಸಂಜೆ ಪಾಠ ಹಗಲಿನ ಶಾಲೆಗೆ ಬದಲಿಯಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಸಂಘದ ತಾಯಂದಿರು ಅಲ್ಲಿ ಸಹಿ ಹಾಕಿ ಬರುವವರಷ್ಟೇ ಆಗದೆ, ಅಂಕಿ ಹಿಡಿದು ಕೂರಬೇಕು. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು, 61ರಿಂದ 90ಕ್ಕೆ ಮೂವರು ಶಿಕ್ಷಕರು. ವರ್ಷಕ್ಕೆ ಐದನೆಯವರೆಗೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನ. ಬಿಸಿಯೂಟದಲ್ಲಿ ಐದನೆಯವರೆಗೆ ತಲಾ 100 ಗ್ರಾಂ, ಮೇಲಿನವರಿಗೆ 150 ಗ್ರಾಂ ಧಾನ್ಯ. ಕೊರತೆ ಕಂಡರೆ ಬಾಯಲ್ಲಿ ಹೇಳಿ ಬಿಡಬೇಡಿ. ಮಕ್ಕಳ ಸಂಖ್ಯೆ, ಇರುವ ಶಿಕ್ಷಕರು, ಇರಬೇಕಾದವರು ಎಂದು ಮೂರೇ ಸಾಲಿನ ಅರ್ಜಿ ಬರೆದು, ಠರಾವಿನ ಪ್ರತಿ ಲಗತ್ತಿಸಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಶೌಚಾಲಯದ ನೀರು, ಕಾಂಪೌಂಡು, ದಾರಿ ದೀಪದಂಥ ಬೇಡಿಕೆಗಳ ಅರ್ಜಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಡಿ, ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಬಾಯಿಂದಲೇ ಕೇಳಿಸಿ. ಅರಿವು ಕೇಂದ್ರದಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವವಿದೆ, ಒಂದೇ ದಿನ ಎಲ್ಲ ಮಕ್ಕಳನ್ನೂ ಸೇರಿಸಿಬಿಡಿ.

ಶಾಲೆ ಬಿಟ್ಟ ಮಗುವನ್ನು ಮರಳಿ ಕಳಿಸುವಾಗ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ, ಟಿಸಿ ಬರುವುದು ತಡವಾಯಿತೆಂದು ಹೊರಗಿಡುವಂತಿಲ್ಲ. ಗುಳೆ ಹೋಗುವ ಮನೆಗಳ ಜೊತೆ ಹೊರಡುವ ತಿಂಗಳ ಮೊದಲೇ ಮಾತಾಡಿ. ಮಗು ಅಜ್ಜಿಯ ಜೊತೆ ಉಳಿದರೆ ರಾತ್ರಿಯೂಟಕ್ಕೆ ನಾಲ್ಕು ಮನೆ ಸರದಿ ಹಾಕಿಕೊಂಡರೆ ಆಯಿತು. ಏಳನೆಯದಾದ ಮೇಲೆ ಹೆಣ್ಣುಮಕ್ಕಳು ಓದು ಬಿಡುವ ಊರಾದರೆ ಮುಖ್ಯವಾಗಿ ದಾರಿಯನ್ನು ನೋಡಿ. ಯಾವ ಹೊತ್ತಿಗೆ ಎಷ್ಟು ಮಕ್ಕಳು ಎಂಬ ಪಟ್ಟಿಯೊಡನೆ ಬಸ್ ಡಿಪೋಗೆ ಅರ್ಜಿ ಕೊಡಿ. ಬಸ್ಸು ಬರುವವರೆಗೆ ಗುಂಪಾಗಿ ಕಳಿಸಿ. ಹದಿನೆಂಟಾಗದ ಹುಡುಗಿಗೆ ಮದುವೆ ಮಾತು ನಡೆದಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಪಾಠ ಕುಂಟುವ ಕಾಲ

ಮೂರನೇ ತಿಂಗಳು ಹಾಜರಿ ಇಳಿಯುತ್ತದೆ. ಬಿತ್ತನೆ, ಕಳೆ, ಕೊಯ್ಲಿನ ವಾರಗಳಲ್ಲಂತೂ ಅರ್ಧಕ್ಕೆ ಬರುತ್ತದೆ. ಆ ಎರಡು ಮೂರು ವಾರ ಪಾಠವನ್ನು ಮುಕ್ಕಾಲು ಗಂಟೆಗೆ ಇಳಿಸಿ, ನಿಲ್ಲಿಸಬೇಡಿ. ಕಲಿಸುವವರಲ್ಲಿ ಒಬ್ಬರು ಮದುವೆಯಾಗಿಯೋ ಕೆಲಸ ಸಿಕ್ಕಿಯೋ ಹೋಗುವುದು ಖಂಡಿತ. ಆದ್ದರಿಂದ ಮೊದಲಿನಿಂದಲೂ ನಾಲ್ಕನೆಯವರನ್ನು ಕೂಡಿಸಿಕೊಂಡು ವಾರಕ್ಕೊಮ್ಮೆ ಕಲಿಸಲು ಬಿಡಿ. ಪಂಚಾಯಿತಿ ಚುನಾವಣೆಗೆ ನಿಲ್ಲುವವರು ಆ ಅವಧಿಗೆ ಸಮಿತಿಯಿಂದ ಹೊರಗಿರಲಿ, ಬ್ಯಾನರು ಯಾರದೂ ಬೇಡ.

ಎರಡು ತಿಂಗಳಿಗೊಮ್ಮೆ ಹೊಸ ವಾಕ್ಯಗಳ ರಟ್ಟಿನೊಡನೆ ಅದೇ ಪರೀಕ್ಷೆ ಮಾಡಿ, ಚುಕ್ಕಿಯ ಹಾಳೆಯನ್ನು ಹಳೆಯದರ ಪಕ್ಕ ತೂಗುಹಾಕಿ. ಮುಂದಿನ ಅಂಕಣಕ್ಕೆ ದಾಟಿದ ಮಗುವನ್ನು ಅಂದೇ ಮೇಲಿನ ಗುಂಪಿಗೆ ಕೂರಿಸಿ. ಎರಡು ಸಲವೂ ಅದೇ ಅಂಕಣದಲ್ಲಿ ಉಳಿದ ಮಗುವಿದ್ದರೆ ಮೊದಲು ಕಣ್ಣು ಕಿವಿ ಪರೀಕ್ಷೆ ಮಾಡಿಸಿ. ಹಲಗೆಯ ಅಕ್ಷರ ಕಾಣದೆ ಹಿಂದುಳಿದ ಮಗುವಿಗೆ ಬೇಕಿರುವುದು ಕನ್ನಡಕ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆಶಾ ಕಾರ್ಯಕರ್ತೆಯ ಜೊತೆ ಕಳಿಸಿ, ಬಂದ ಮೇಲೆ ಮುಂದಿನ ಸಾಲಿನಲ್ಲಿ ಕೂರಿಸಿ, ಒಂದು ತಿಂಗಳು ದಿನಕ್ಕೆ ಹತ್ತು ನಿಮಿಷ ಒಬ್ಬರೇ ಪಕ್ಕದಲ್ಲಿ ಕೂತು ಓದಿಸಿ.